ಗಣಿಯ ಲೆಕ್ಕವೂ ಹೆಣ್ಣುಮಕ್ಕಳ ವಿದ್ಯೆಯೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರೂ ದಾದಿಯರೂ ಬಹುಮಂದಿ ಇರುವರು. ಆದರೆ ಮಗಳು ಖನಿಜಗಳ ಅರ್ಥಶಾಸ್ತ್ರವನ್ನು ಓದುವೆನೆಂದರೆ, "ಶೃಂಗೇರಿಯ ಅಡಿಕೆತೋಟದ ಹುಡುಗಿಗೆ ಗಣಿಯ ಗೊಡವೆ ಏಕೆ?" ಎಂದು ತಾಯ್ತಂದೆಗಳು ನಗುವರು. ಈ ನಗೆಯನ್ನು ನಾವು ಒಪ್ಪಲಾರೆವು. ಗಣಿಯ ಗೊಡವೆಯು ನಮ್ಮ ನೆರೆಗೇ ಬಂದುಹೋಗಿದೆ.

ತುಂಗೆಯ ಒಡಹುಟ್ಟಿದ ಭದ್ರೆಯು ಹರಿಯುವ ಕುದುರೆಮುಖದಲ್ಲಿ ಕಬ್ಬಿಣದ ಅದಿರನ್ನು ತೆಗೆಯಲು 1976ರಲ್ಲಿ ಸರ್ಕಾರಿ ಕಂಪನಿಯೊಂದು ಸ್ಥಾಪಿತವಾಯಿತು. ಸಾಲ ಕೊಡಲೊಪ್ಪಿದುದೂ ಅದಿರನ್ನು ಕೊಳ್ಳಲೊಪ್ಪಿದುದೂ ಇರಾನ್ ದೇಶವೊಂದೇ. ಅದಿರನ್ನು ಅರೆದು, ನೀರಿನಲ್ಲಿ ಕಲಸಿ, ಘಟ್ಟವಿಳಿಸಿ ಮಂಗಳೂರಿನವರೆಗೆ ಕೊಳವೆಯಲ್ಲಿ ಹರಿಸುವ ಏರ್ಪಾಡು ಸಿದ್ಧವಾಗುತ್ತಿರುವಾಗಲೇ, 1979ರಲ್ಲಿ, ಅಲ್ಲಿ ಕ್ರಾಂತಿಯಾಯಿತು. ಕೊಳ್ಳುವವರೇ ಇಲ್ಲದೆ ಬೇರೆ ಗಿರಾಕಿಗಳನ್ನು ಅರಸಬೇಕಾಯಿತು. ಒಬ್ಬನನ್ನೇ ನೆಚ್ಚಿದರೆ ಬರತಕ್ಕ ನಷ್ಟವೆಷ್ಟೆಂದು ಮೊದಲೇ ಎಣಿಸಿ ಹೇಳುವುದು ಈ ಅರ್ಥಶಾಸ್ತ್ರಜ್ಞರ ಕೆಲಸ. ಲಖ್ಯಾ ಹೊಳೆಗೆ ಕಟ್ಟೆ ಕಟ್ಟಿ ತುಂಬಿದ ಗಣಿಯ ಕೆಸರು, ಮಳೆಗಾಲದಲ್ಲಿ ಭದ್ರೆಗಿಳಿದ ಹೂಳು, ಇವುಗಳ ಬೆಲೆಯನ್ನು ಯಾವ ಗಿರಾಕಿಯೂ ತೆತ್ತಂತೆ ಕಾಣೆವು. ಸರ್ವೋಚ್ಚ ನ್ಯಾಯಾಲಯದ 2002ರ ಆಜ್ಞೆಯಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಇಂದು ಅದೇ ತೊಡಕು ತಿರುಗುಮುರುಗಾಗಿದೆ. ವಿದ್ಯುತ್ ವಾಹನಗಳಿಗೆ ಬೇಕಾದ ಲಿಥಿಯಂ, ವಿರಳ ಭಸ್ಮ ಧಾತುಗಳು ಮೊದಲಾದ 30 ಖನಿಜಗಳನ್ನು ಕೇಂದ್ರಸರ್ಕಾರವು 2023ರಲ್ಲಿ ಅತ್ಯಗತ್ಯವೆಂದು ಹೆಸರಿಸಿತು. ಈ ಸಾರಿ ನಾವು ಕೊಳ್ಳುವವರು; ವಿರಳ ಭಸ್ಮ ಧಾತುಗಳಿಗಂತೂ ಮುಖ್ಯವಾಗಿ ಚೀಣಾ ದೇಶವೇ ಮಾರುವುದು. 2025ರ ಏಪ್ರಿಲಿನಲ್ಲಿ ಅದು ಕೆಲವು ಧಾತುಗಳ ರಫ್ತಿಗೆ ಕಡಿವಾಣ ಹಾಕಿದೊಡನೆ ವಾಹನಗಳ ಕಾರ್ಖಾನೆಗಳು ಚಿಂತೆಗೊಳಗಾದುವು. ಮಂಡ್ಯದ ಮರಳಗಾಲದಲ್ಲಿ ಲಿಥಿಯಂ ಕಂಡುಬಂದಿದೆಯೆಂದು ಹಿಗ್ಗುವವರಿರುವರು. ಸಿಕ್ಕಿದ್ದೆಲ್ಲವೂ ಅಗೆಯತಕ್ಕದ್ದೇ? ಅಗೆದರೆ ಊರಿನವರಿಗೆಷ್ಟು, ಹೊಳೆಗೆಷ್ಟು? ಇದನ್ನು ಕೇಳಬಲ್ಲವರು ಬೇಕು.

ಹೆಂಗಸರು ನೆಲದಡಿಯ ಗಣಿಯಲ್ಲಿ ದುಡಿಯಬಾರದೆಂದು 1952ರ ಕಾಯಿದೆಯು ತಡೆದಿತ್ತು. 2019ರಲ್ಲಿ ಸರ್ಕಾರವೇ ಅದನ್ನು ಸಡಿಲಿಸಿತು. ಲೆಕ್ಕದ ಮೇಜಿಗೆ ಮಾತ್ರ ಯಾವ ಕಾಯಿದೆಯ ಅಡ್ಡಿಯೂ ಇರಲಿಲ್ಲ, ಮನೆಯವರದೇ ಅಡ್ಡಿ. ಪದವಿಯಲ್ಲಿ ಭೂವಿಜ್ಞಾನವನ್ನಾಗಲಿ ಅರ್ಥಶಾಸ್ತ್ರವನ್ನಾಗಲಿ ಓದಿ ಮುಂದುವರಿಯಬಹುದು. 1926ರಲ್ಲಿ ಸ್ಥಾಪಿತವಾದ ಧನಬಾದಿನ ಗಣಿವಿದ್ಯಾಲಯವು ಬಹುದೂರವೆಂದು ಹಿಂಜರಿಯುವ ತಂದೆಯವರು, ಒಮ್ಮೆ ಮಗಳನ್ನು ಕರೆದುಕೊಂಡು ಹೋಗಿ ಕುದುರೆಮುಖದ ಆ ಬೆಟ್ಟವನ್ನು ನೋಡಿಕೊಂಡು ಬರಲಿ.