ರಾತ್ರಿ ಒಂಬತ್ತರ ನಂತರ ಆ ರಸ್ತೆ ಪ್ರಾಣಿಗಳಿಗೇ ಇರಲಿ

ಬಂಡೀಪುರದ ರಾತ್ರಿ ಸಂಚಾರ ನಿಷೇಧ ನಮ್ಮ ಮನೆಯಲ್ಲಿ ಬರೀ ಪೇಪರಿನ ಸುದ್ದಿಯಲ್ಲ, ಊಟದ ಹೊತ್ತಿನ ಜಗಳ. ನನ್ನ ಖಾಲಾ ಮದುವೆಯಾಗಿ ಹೋಗಿರುವುದು ಕೇರಳದ ಸುಲ್ತಾನ್ ಬತ್ತೇರಿಗೆ. ಮೈಸೂರಿನಿಂದ ಗುಂಡ್ಲುಪೇಟೆ ದಾಟಿ ಅಲ್ಲಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದ ಕಾಡಿನೊಳಗೇ ಸಾಗುತ್ತದೆ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಬಿಡುವುದಿಲ್ಲ. ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೆ, ಕೆಲವೇ ಬಸ್ಸುಗಳಿಗೆ ಮಾತ್ರ ವಿನಾಯಿತಿ.

ಎರಡು ವರ್ಷದ ಹಿಂದೆ ನಾನಿ ತೀರಿಕೊಂಡದ್ದು ರಾತ್ರಿ ಹತ್ತಕ್ಕೆ. ಮಾನಂದವಾಡಿ, ಕುಟ್ಟದ ಸುತ್ತುದಾರಿಯಲ್ಲಿ ಆ ಮಳೆಯಲ್ಲಿ ಬರಲು ಡ್ರೈವರ್ ಒಪ್ಪಲಿಲ್ಲ. ಖಾಲಾ ಚೆಕ್‌ಪೋಸ್ಟ್ ಹತ್ತಿರ ಕಾರಿನಲ್ಲೇ ಕುಳಿತು ಬೆಳಗಾಗುವುದನ್ನು ಕಾದರು. ದಫನ್ ಅನ್ನು ಜುಹರ್ ನಮಾಜಿನ ನಂತರಕ್ಕೆ ಇಟ್ಟುಕೊಂಡೆವು. ತಾಯಿಯ ಮುಖ ನೋಡಲು ಅವರಿಗೆ ಸಿಕ್ಕಿತು, ನಿಜ. ಆದರೆ ಆ ರಾತ್ರಿಯನ್ನು ಅಮ್ಮಿ ಇವತ್ತಿಗೂ ಕ್ಷಮಿಸಿಲ್ಲ. "ಆನೆಗಿಂತ ಮನುಷ್ಯರು ಕಡಿಮೆಯಾ?" ಎಂದು ಕೇಳುತ್ತಾರೆ.

ಆದರೂ ನಿಷೇಧ ಇರಲಿ ಎಂದೇ ನಾನು ಹೇಳುತ್ತೇನೆ.

ಕಳೆದ ದಸರಾ ರಜೆಯಲ್ಲಿ ಖಾಲಾ ಮನೆಯವರೂ ಸೇರಿ ಎಲ್ಲರೂ ಬಂಡೀಪುರಕ್ಕೆ ಸಫಾರಿ ಹೋಗಿದ್ದೆವು. ಹುಲಿ ಕಾಣಲಿಲ್ಲ. (ಕಾಣದಿದ್ದರೆ ದುಡ್ಡು ವಾಪಸ್ ಕೊಡುತ್ತಾರಾ ಎಂದು ತಮ್ಮ ಕೇಳಿದ.) ಜಿಂಕೆ, ಕಾಡುಕೋಣ, ನವಿಲು ಬೇಕಾದಷ್ಟು ಕಂಡವು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ವಾಪಸ್ ಹೆದ್ದಾರಿಗೆ ಬಂದ ಮೇಲೆ ಕಂಡದ್ದು. ಮರಿಯನ್ನು ನಡುವೆ ಇಟ್ಟುಕೊಂಡು ಮೂರು ಆನೆಗಳು ರಸ್ತೆ ದಾಟಲು ನಿಂತಿದ್ದವು. ನಾವು ದೂರದಲ್ಲೇ ಕಾರು ನಿಲ್ಲಿಸಿದೆವು. ಉಳಿದವರು ನಿಲ್ಲಲಿಲ್ಲ. ಒಬ್ಬ ಹಾರ್ನ್ ಹೊಡೆದ, ಇನ್ನೊಬ್ಬ ಕಿಟಕಿಯಿಂದ ಮೊಬೈಲ್ ಚಾಚಿದ. ಆನೆಗಳು ಎರಡು ಹೆಜ್ಜೆ ಮುಂದೆ ಬರುವುದು, ಮತ್ತೆ ಹಿಂದೆ ಸರಿಯುವುದು. ಕೊನೆಗೆ ಲಾಂಟಾನ ಪೊದೆಗಳೊಳಗೆ ಹಿಂತಿರುಗಿದವು. ನೀರು ಆಚೆ ಕಡೆ ಇತ್ತೋ ಏನೋ.

ಹಗಲಲ್ಲೇ ಹೀಗೆ. ರಾತ್ರಿ ಹೆಡ್‌ಲೈಟ್ ಬಿದ್ದರೆ ಜಿಂಕೆ ಓಡುವುದಿಲ್ಲ, ಕಣ್ಣು ಕುಕ್ಕಿ ನಿಂತಲ್ಲೇ ನಿಲ್ಲುತ್ತದೆ. ಲೋಡ್ ಲಾರಿಗೆ ತಕ್ಷಣ ಬ್ರೇಕ್ ಹಿಡಿಯುವುದೂ ಕಷ್ಟ. ದಿನದ 24 ಗಂಟೆಯಲ್ಲಿ 15 ಗಂಟೆ ರಸ್ತೆ ನಮ್ಮದೇ. ಉಳಿದ 9 ಗಂಟೆಯನ್ನೂ ಕೇಳುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ. ಕಾಡಿನ ಮೇಲೆ ಎತ್ತರದ ಸೇತುವೆ ರಸ್ತೆ ಕಟ್ಟೋಣ ಎಂಬ ಪ್ರಸ್ತಾವವೂ ಬಂದಿತ್ತು. ಆ ಕಂಬಗಳನ್ನು ನೆಡುವಷ್ಟು ಕಾಲ ಯಂತ್ರ, ಲಾರಿ, ಕಾರ್ಮಿಕರ ಶೆಡ್ಡು ಎಲ್ಲವೂ ಕಾಡಿನೊಳಗೇ ಇರಬೇಕಲ್ಲ!

ಅಮ್ಮಿಯ ಪ್ರಶ್ನೆಗೆ ಉತ್ತರ ಬೇರೆ ಕಡೆ ಇದೆ. ಹುಣಸೂರು, ಗೋಣಿಕೊಪ್ಪ, ಕುಟ್ಟದ ದಾರಿ ಮಳೆಗಾಲದ ರಾತ್ರಿಯಲ್ಲೂ ಯಾವ ಡ್ರೈವರೂ ಹೆದರದೆ ಬರುವಂತಿರಬೇಕು. ಎರಡೂ ಕಡೆಯ ಚೆಕ್‌ಪೋಸ್ಟ್‌ಗಳಲ್ಲಿ ಕಾಯುವವರಿಗೆ ಕೂರಲು ಜಾಗ, ಒಂದು ಶೌಚಾಲಯ, ಕುಡಿಯುವ ನೀರು ಬೇಕು. ಮನವಿ ಬರೆಯುವುದಾದರೆ ಇದಕ್ಕಾಗಿ ಬರೆಯೋಣ. ಮೊದಲ ಸಹಿ ಹಾಕುವುದಾಗಿ ಖಾಲಾ ಹೇಳಿದ್ದಾರೆ. ಅಮ್ಮಿ ಇನ್ನೂ ಒಪ್ಪಿಲ್ಲ.