ಮನೆಯ ಹೊಲೊಗ್ರಾಮೂ ಮರಳಿನ ಪೆಟ್ಟಿಗೆಯೂ

ಹೊಲೊಗ್ರಾಮನ್ನು ಮನೆಯಲ್ಲಿ ತೆಗೆಯಬಹುದೆಂದರೆ ನಂಬುವವರು ಕಡಮೆ. ನಂಬಿದವರೂ, "ಅದಕ್ಕೆ ಲಕ್ಷಗಟ್ಟಲೆ ಬೆಲೆಬಾಳುವ ಮೇಜು ಬೇಕಲ್ಲವೆ?" ಎಂದು ಮಾತು ಮುಗಿಸಿಬಿಡುತ್ತಾರೆ. ಮೇಜಿನ ಬೆಲೆಗಿಂತ, ಅದರ ಮೇಲಿಡುವ ವಸ್ತುವಿನ ಆಯ್ಕೆಯೂ ಕಾಯುವ ತಾಳ್ಮೆಯೂ ದೊಡ್ಡವು ಎಂಬುದು ನನ್ನ ಅಭಿಪ್ರಾಯ. ಇತಿಹಾಸ ಓದುವ ನನಗೆ ಈ ಅಭಿಪ್ರಾಯ ಬಂದುದು ಎರಡು ಫಲಕಗಳನ್ನು ಹಾಳುಮಾಡಿದ ಮೇಲೆ.

ಹೊಲೊಗ್ರಫಿಯ ತತ್ತ್ವವನ್ನು 1947ರಲ್ಲಿ ಕಂಡವರು ಡೆನಿಸ್ ಗೇಬರ್. ಅದಕ್ಕಾಗಿ 1971ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಅದಕ್ಕೆ ಜೀವ ಬಂದುದು 1960ರಲ್ಲಿ ಲೇಸರ್ ಹುಟ್ಟಿದ ಮೇಲೆ. ಛಾಯಾಚಿತ್ರವು ಬೆಳಕಿನ ಹೆಚ್ಚು ಕಡಮೆಯನ್ನಷ್ಟೆ ಹಿಡಿಯುತ್ತದೆ. ಹೊಲೊಗ್ರಾಮಾದರೋ ಲೇಸರಿನಿಂದ ನೇರವಾಗಿ ಬಂದ ಬೆಳಕೂ ವಸ್ತುವಿಗೆ ತಾಗಿ ಮರಳಿದ ಬೆಳಕೂ ಕೂಡಿದಾಗ ಏಳುವ ಅತಿ ಸೂಕ್ಷ್ಮವಾದ ಪಟ್ಟೆಗಳನ್ನು ಹಿಡಿಯುತ್ತದೆ. ಕೆಂಪು ಲೇಸರಿನ ಅಲೆಯುದ್ದ ಸುಮಾರು 0.00065 ಮಿಲಿಮೀಟರ್. ಬೆಳಕು ಹೋಗಿ ಮರಳುವುದರಿಂದ, ವಸ್ತು ಇದರ ಕಾಲು ಭಾಗ ಸರಿದರೂ ಬಿಳಿ ಪಟ್ಟೆಯ ಜಾಗದಲ್ಲಿ ಕರಿ ಪಟ್ಟೆ ಬೀಳುತ್ತದೆ. ತಲೆಗೂದಲಿನ ದಪ್ಪವನ್ನು ನಾನೂರು ಪಾಲು ಮಾಡಿದರೆ ಸುಮಾರು ಒಂದು ಪಾಲು! ಅಷ್ಟು ಅಲುಗಿದರೆ ಚಿತ್ರವಿಲ್ಲ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಸೋದರಮಾವನ ಮಗ ಒಂದು ಪುಟ್ಟ ಲೇಸರನ್ನೂ ನಾಲ್ಕು ಫಲಕಗಳನ್ನೂ ತಂದುಕೊಟ್ಟ. ಮೊದಲನೆಯ ರಾತ್ರಿ ದಾಸವಾಳದ ಹೂವನ್ನಿಟ್ಟೆ. ಫಲಕದಲ್ಲಿ ಬಂದುದು ಹೂವಲ್ಲ, ಕತ್ತಲೆ. ಕಿತ್ತ ಹೂವು ಕ್ಷಣಕ್ಷಣಕ್ಕೂ ಬಾಡುತ್ತಾ ಸರಿಯುತ್ತಿರುತ್ತದೆ; ನಮ್ಮ ಕಣ್ಣಿಗಷ್ಟೆ ಅದು ಸ್ಥಿರ. ಬಟ್ಟೆ, ಕಾಗದ, ಗರಿಗಳೂ ಇದೇ ಜಾತಿಯವು.

ಎರಡನೆಯ ಸಲ ದೇವರ ಗೂಡಿನಿಂದ ಹಿತ್ತಾಳೆಯ ಪುಟ್ಟ ಬಸವನನ್ನು ಮುಷ್ಟಿಯಲ್ಲಿ ಹಿಡಿದು ತಂದು, ಇಟ್ಟ ಕೂಡಲೆ ಬೆಳಕು ಬಿಟ್ಟೆ. ಅದೂ ಕೆಟ್ಟಿತು. ಲೆಕ್ಕ ಹಾಕಿ ನೋಡಿದರೆ, 2 ಸೆಂಟಿಮೀಟರ್ ಎತ್ತರದ ಹಿತ್ತಾಳೆ 1 ಡಿಗ್ರಿ ತಣ್ಣಗಾದರೆ 0.0004 ಮಿಲಿಮೀಟರಿನಷ್ಟು ಕುಗ್ಗುತ್ತದೆ. ನನ್ನ ಅಂಗೈಯ ಬಿಸಿಯೇ ಚಿತ್ರವನ್ನು ಅಳಿಸಿತ್ತು.

ಆಮೇಲೆ ದುಡುಕಲಿಲ್ಲ. ಅರೆಗಾಳಿ ತುಂಬಿದ ಸ್ಕೂಟರಿನ ಹಳೆಯ ಟ್ಯೂಬು, ಅದರ ಮೇಲೆ ಕಡಪದ ಕಲ್ಲು, ಕಲ್ಲಿನ ಮೇಲೆ ಮರಳು ತುಂಬಿದ ಪೆಟ್ಟಿಗೆ. ಬಟ್ಟಲಲ್ಲಿ ನೀರಿಟ್ಟು, ಅದರಿಂದ ಗೋಡೆಗೆ ಲೇಸರಿನ ಚುಕ್ಕೆಯನ್ನು ಬೀಳಿಸಿದೆ. ಬೀದಿಯಲ್ಲಿ ಲಾರಿ ಹೋದರೆ ಚುಕ್ಕೆ ನಡುಗಿತು. ಅಪ್ಪ ಮಗ್ಗುಲು ಬದಲಿಸಿದರೂ ನಡುಗಿತು. ಪಕ್ಕದ ಹಿಟ್ಟಿನ ಗಿರಣಿ ನಡೆಯುವಾಗಂತೂ ಕೇಳುವಂತೆಯೇ ಇಲ್ಲ. ರಾತ್ರಿ ಎರಡು ಗಂಟೆಗೆ ಅದು ನಿಂತಿತು.

ವಸ್ತುವನ್ನು ಅಂಟು ಹಾಕಿ ಕೂರಿಸುವುದು ವಾಡಿಕೆ. ಅಮ್ಮ, "ದೇವರ ಬಸವನಿಗೆ ಅಂಟು ಮೆತ್ತಬೇಡವೋ" ಎಂದಳು. ಆದುದರಿಂದ ರಷ್ಯದ ಡೆನಿಸ್ಯುಕ್ 1962ರಲ್ಲಿ ತೋರಿಸಿದ ಒಂದೇ ಕಿರಣದ ಕ್ರಮವನ್ನು ಹಿಡಿದೆ. ಬಸವನ ಎರಡು ಕೊಂಬು, ಒಂದು ಹಿಣಿಲು, ಈ ಮೂರರ ಮೇಲೆಯೇ ಗಾಜಿನ ಫಲಕವನ್ನು ಮಲಗಿಸಿ ಮೇಲಿನಿಂದ ಬೆಳಕು ಬಿಡುವುದು. ಮೂರು ಗುಂಡಿನ ಒಲೆಯ ಮೇಲೆ ಮಡಕೆ ಅಲುಗುವುದಿಲ್ಲವಷ್ಟೆ! ಅಲುಗಿದರೂ ಫಲಕವೂ ಬಸವನೂ ಕೂಡಿಯೇ ಅಲುಗುತ್ತವೆ. ಲೇಸರನ್ನು ಮೊದಲೇ ಹೊತ್ತಿಸಿ, ಬೆಳಕಿಗೆ ರಟ್ಟು ಅಡ್ಡವಿಟ್ಟು, ಫ್ಯಾನು ಆರಿಸಿ ಅರ್ಧ ಗಂಟೆ ಸುಮ್ಮನೆ ಕುಳಿತೆ. ಉಸಿರು ಬಿಗಿಹಿಡಿದು 20 ಸೆಕೆಂಡು ರಟ್ಟನ್ನು ಸರಿಸಿದೆ. ಫಲಕವನ್ನು ತೊಳೆದು ಒಣಗಿಸಿ, ಬೆಳಗ್ಗೆ ಬಿಸಿಲಿಗೆ ಹಿಡಿದಾಗ ಗಾಜಿನ ಹಿಂದೆ ಬಸವ ಮಲಗಿದ್ದ. ಅಮ್ಮ ಗಾಜಿನ ಹಿಂದಕ್ಕೆ ಬೆರಳು ಹಾಕಿ ತಡವಿ ನೋಡಿದಳು.

ಈಗ ನನ್ನ ವಾದಕ್ಕೆ ಬರುತ್ತೇನೆ. ಟ್ಯೂಬು, ಕಲ್ಲು, ಮರಳು, ಇವು ಯಾವ ಊರಿನಲ್ಲಿಲ್ಲ? ನಮಗೆ ದುರ್ಲಭವಾದುದು ಹಣದ ಮೇಜಲ್ಲ, ಸದ್ದಿಲ್ಲದ ಅರ್ಧ ಗಂಟೆ. ಆರು ಜನ ಒಂದೇ ಕೋಣೆಯಲ್ಲಿ ಮಲಗುವ ಮನೆಯಲ್ಲಿ, ನನಗಾಗಿ ಉಳಿದವರು ಮಗ್ಗುಲು ಬದಲಿಸದೆ ಮಲಗಬೇಕಾಯಿತು. ಪ್ರಯೋಗಕ್ಕೆ ಬೇಕಾದುದೇ ಓದಿಗೂ ಬೇಕು. ಒಮ್ಮೆ ಹಿರಿಯರೊಬ್ಬರಲ್ಲಿ ಒಂದು ಕೋಣೆಯನ್ನು ಕೇಳಿದ್ದೆ. "ಬಿ.ಎ. ಓದುವವನಿಗೆ ಇದೇಕಯ್ಯಾ?" ಎಂದರು. ಅವರಿಗೆ ನನ್ನ ಉತ್ತರವಿಷ್ಟೆ: 1971ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಲಾಯ್ಡ್ ಕ್ರಾಸ್ ಮತ್ತು ಅವರ ಸಂಗಡಿಗರು ಹೊಲೊಗ್ರಫಿಯ ಶಾಲೆಯನ್ನು ತೆರೆದು, ಮರಳಿನ ಮೇಜಿನ ಮೇಲೆಯೇ ಕಲಾವಿದರಿಗೆ ಈ ವಿದ್ಯೆಯನ್ನು ಕಲಿಸಿದರು. ಅವರು ಮೊದಲು ಬಿ.ಎಸ್ಸಿ. ಓದಿ ಬಾ ಎನ್ನಲಿಲ್ಲ.

ಕಾಲೇಜಿನ ಕೆಳ ಅಂತಸ್ತಿನಲ್ಲಿ ಒಂದು ಮೂಲೆ, ಅಲ್ಲೊಂದು ಮರಳಿನ ಪೆಟ್ಟಿಗೆ, ಸಂಜೆ ತರಗತಿಗಳು ಮುಗಿದ ಮೇಲೆ ಎರಡು ಗಂಟೆ ಬಾಗಿಲು ತೆರೆದಿಡಲು ಅಪ್ಪಣೆ, ಇಷ್ಟಾದರೆ ಸಾಕು. ನಾನು ಈ ವರುಷ ಹೊರಟುಹೋಗುವವನು. ನನ್ನಲ್ಲಿ ಇನ್ನೊಂದು ಫಲಕ ಉಳಿದಿದೆ. ಮುಂದೆ ಬರುವ ತಮ್ಮತಂಗಿಯರಿಗಾಗಿ ಅದನ್ನು ಕೊಟ್ಟುಹೋಗಲು ಸಿದ್ಧನಿದ್ದೇನೆ.