ಜಾರಾಟಕ್ಕೆ ಅಂಗಳ ಕೊಡಿ, ಬೆಟ್ಟದ ದಾರಿ ಬಿಡಿ

ಕಳೆದ ಚಳಿಗಾಲದ ಒಂದು ಭಾನುವಾರ, ಇನ್ನೂ ಮಂಜು ಹರಿಯದ ಹೊತ್ತಿನಲ್ಲಿ, ನಮ್ಮ ಹೊಲದ ಕೆಳಗಿನ ತಿರುವಿನಲ್ಲಿ ಟೈರುಗಳು ಕಿರಿಚಿದ ಸದ್ದು ಕೇಳಿತು. ಹೋಗಿ ನೋಡಿದರೆ ಕಾರೊಂದು ಬದುವನ್ನು ಒಡೆದುಕೊಂಡು ರಾಗಿ ಕೂಳೆಯೊಳಗೆ ಅಡ್ಡಡ್ಡ ನಿಂತಿತ್ತು. ಒಳಗಿದ್ದ ಇಪ್ಪತ್ತರ ಹುಡುಗನಿಗೆ ಪುಣ್ಯಕ್ಕೆ ಗಾಯವಾಗಿರಲಿಲ್ಲ. ನಡುಗುತ್ತಲೇ ಇಳಿದವನು ಹೇಳಿದ ಮೊದಲ ಮಾತು: "ಸಾರ್, ರೋಡು ಖಾಲಿ ಇತ್ತು." ಡೈರಿಗೆ ಹಾಲು ಹಾಕಲು ಕ್ಯಾನು ಹಿಡಿದು ಹೊರಟಿದ್ದ ನೆರೆಮನೆಯ ಅಜ್ಜಿ ಅಲ್ಲೇ ನಿಂತಿದ್ದರು. "ಖಾಲಿ ಅಂದ್ರೆ? ನಾವೆಲ್ಲ ಯಾರಪ್ಪಾ ಹಂಗಾದ್ರೆ?" ಎಂದರು.

ಈ ಲೇಖನಕ್ಕೆ ಕಾರಣ ಆ 'ಖಾಲಿ' ಎಂಬ ಪದ.

ಕಾರಿನ ಡ್ರಿಫ್ಟಿಂಗ್ ಕೇವಲ ಪುಂಡಾಟವೆಂದು ತಳ್ಳಿಹಾಕುವವರಲ್ಲಿ ನಾನಿಲ್ಲ. ಹಿಂದಿನ ಚಕ್ರಗಳು ನೆಲದ ಹಿಡಿತ ಬಿಟ್ಟು ಹೊರಕ್ಕೆ ಜಾರುವಾಗ, ಸ್ಟೀರಿಂಗನ್ನು ತಿರುವಿನ ವಿರುದ್ಧ ದಿಕ್ಕಿಗೆ ತಿರುಗಿಸಿ, ಆಕ್ಸಿಲರೇಟರಿನ ಹದದಿಂದಲೇ ಆ ಜಾರುವಿಕೆಯನ್ನು ತಿರುವಿನುದ್ದಕ್ಕೂ ಹಿಡಿದಿಡುವುದು ನಿಜಕ್ಕೂ ಒಂದು ವಿದ್ಯೆ. ಅದು ಹುಟ್ಟಿದ್ದೂ ಬೆಟ್ಟಸೀಮೆಯಲ್ಲಿಯೇ ಎಂಬುದನ್ನು ನಮ್ಮ ಓದುಗರು ಗಮನಿಸಬೇಕು. 1970ರ ದಶಕದಲ್ಲಿ ಜಪಾನಿನ ಕುನಿಮಿತ್ಸು ತಾಕಾಹಾಶಿ ರೇಸಿನ ಕಣದಲ್ಲಿ ತೋರಿದ ಈ ಜಾರುವ ತಿರುವನ್ನು, ಕೇಯಿಚಿ ತ್ಸುಚಿಯಾ ಮತ್ತು ಅವರ ಸಮಕಾಲೀನರು ಅಲ್ಲಿನ ಘಟ್ಟದ ರಸ್ತೆಗಳಲ್ಲಿ ರಾತ್ರಿ ಹೊತ್ತು ಅಭ್ಯಾಸ ಮಾಡಿ ಬೆಳೆಸಿದರು. ನಮ್ಮ ಹುಡುಗರು ಸಿನಿಮಾಗಳಲ್ಲಿ ಕಂಡು ಮರುಳಾಗಿರುವುದು ಕಥೆಯ ಈ ಅರ್ಧಕ್ಕೆ. ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. 1987ರಲ್ಲಿ ಘಟ್ಟದ ರಸ್ತೆಯ ಆಟದ ವಿಡಿಯೊ ಹೊರಬಂದಾಗ ತ್ಸುಚಿಯಾ ಅವರ ಪರವಾನಗಿಯೇ ಅಮಾನತಾಯಿತು. ಮುಂದೆ ಅದೇ ತ್ಸುಚಿಯಾ, 2000ದ ಹೊತ್ತಿಗೆ, ಈ ಆಟವನ್ನು ರಸ್ತೆಯಿಂದ ಎತ್ತಿ ಕಣದೊಳಗೆ ತಂದ 'ಡಿ1' ಸ್ಪರ್ಧೆಯ ಸ್ಥಾಪಕರಲ್ಲಿ ಒಬ್ಬರಾದರು.

ನಮ್ಮಲ್ಲಿ ನಡೆಯುತ್ತಿರುವುದಾದರೂ ಡ್ರಿಫ್ಟಿಂಗೇ? ನಮ್ಮ ರಸ್ತೆಗಳಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಬಹುಪಾಲು ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ ಹೋಗುವಂಥವು. ಹ್ಯಾಂಡ್‌ಬ್ರೇಕ್ ಎಳೆದರೆ ಅವುಗಳ ಹಿಂಭಾಗ ಕ್ಷಣಕಾಲ ಜಾರುತ್ತದೆ. ಆ ಜಾರುವಿಕೆಯನ್ನು ಆಕ್ಸಿಲರೇಟರಿನಿಂದ ಹಿಡಿದಿಡಲು ಬರುವುದಿಲ್ಲ. ನಮ್ಮ ತಿರುವಿನಲ್ಲಿ ಬಂದು ಬಿದ್ದ ಕಾರೂ ಅಂಥದ್ದೇ. ಬೆಟ್ಟದ ತಿರುವಿಗಂತೂ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೊರಕಲು, ಎದುರಿಗೆ ಏನು ಬರುತ್ತಿದೆಯೆಂಬುದು ಕಾಣದು. ಹೊಸಬನೊಬ್ಬ ಕಲಿಯಲು ಇದಕ್ಕಿಂತ ಕೆಟ್ಟ ಶಾಲೆ ಇನ್ನೊಂದಿಲ್ಲ! ಈ ವಿದ್ಯೆಯ ಮೊದಲ ಪಾಠ ನಡೆಯಬೇಕಾದದ್ದು ನೀರು ಹನಿಸಿದ, ಸುತ್ತ ಬಯಲಿರುವ ಸಮತಟ್ಟಾದ ಡಾಂಬರು ಅಂಗಳದಲ್ಲಿ, ಕಡಿಮೆ ವೇಗದಲ್ಲಿ, ಪಕ್ಕದಲ್ಲಿ ಬಲ್ಲವರನ್ನು ಕೂರಿಸಿಕೊಂಡು.

'ಬೆಟ್ಟ ಬೇಡವೆಂದರೆ ಕೆರೆಯಂಗಳಕ್ಕೋ ಗೋಮಾಳಕ್ಕೋ ಹೋಗುತ್ತೇವೆ, ಅಲ್ಲಿ ಯಾರಿಗೂ ತೊಂದರೆಯಿಲ್ಲ' ಎಂದು ಕೆಲವು ವಿದ್ಯಾರ್ಥಿಗಳು ವಾದಿಸುತ್ತಾರೆ. ಮಣ್ಣನ್ನು ಓದಿದವನಾಗಿ ಇದಕ್ಕೆ ಉತ್ತರಿಸುವುದು ನನ್ನ ಹೊಣೆ. ನಮ್ಮ ಕೆಂಪುಮಣ್ಣು ತುಳಿತಕ್ಕೆ ಬಹುಬೇಗ ಬಿಗಿಯುತ್ತದೆ. ಟನ್ನಿಗೂ ಮೀರಿದ ವಾಹನ ಒಂದೇ ಜಾಗದಲ್ಲಿ ಸುತ್ತು ಹೊಡೆದರೆ ಮೇಲ್ಮಣ್ಣು ಧೂಳಾಗಿ ಹಾರಿಹೋಗುತ್ತದೆ, ಕೆಳಪದರ ಹಲಗೆಯಂತಾಗುತ್ತದೆ. ಮಳೆನೀರು ಇಂಗದೆ ಹರಿದುಹೋಗುತ್ತದೆ, ಹುಲ್ಲಿನ ಬೇರು ಇಳಿಯುವುದಿಲ್ಲ. ಒಂದು ಮಧ್ಯಾಹ್ನದ ಮೋಜಿನ ಕಲೆ ಹಲವು ಮಳೆಗಾಲಗಳವರೆಗೆ ಉಳಿಯುತ್ತದೆ. ಸವೆದ ಟೈರಿನ ಪುಡಿಯ ಮಾತು ಬೇರೆ. ಅದರಲ್ಲಿನ ರಾಸಾಯನಿಕವೊಂದರ ರೂಪಾಂತರವು ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಕೋಹೊ ಮೀನುಗಳನ್ನು ಕೊಲ್ಲುತ್ತಿರುವುದನ್ನು ವಿಜ್ಞಾನಿಗಳು 2020ರಲ್ಲಿ ಪತ್ತೆಹಚ್ಚಿದರು. ಹಾಗೆಂದು, ನಂದಿಯಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೂಲಕ ಹೆಸರಘಟ್ಟಕ್ಕೆ ಹರಿಯುವ ಅರ್ಕಾವತಿಯನ್ನು ನಾಲ್ಕು ಹುಡುಗರ ಟೈರು ಕೆಡಿಸಿತೆಂದರೆ ಅದು ಉತ್ಪ್ರೇಕ್ಷೆಯಾದೀತು. ಆ ಪಾಪದಲ್ಲಿ ದೊಡ್ಡ ಪಾಲು ದೊಡ್ಡವರದು.

'ಖಾಲಿ' ಎಂಬ ಪದವನ್ನೂ ಹುಡುಗರು ದೊಡ್ಡವರಿಂದಲೇ ಕಲಿತರು. ಕಾಗದದಲ್ಲಿ ಖಾಲಿ ಎಂದು ಬರೆದರೆ ಗೋಮಾಳ ಬಡಾವಣೆಯಾಗುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1777 ಎಕರೆ ಸಾಗುವಳಿ ಭೂಮಿಯನ್ನು ಉಳಿಸಿಕೊಳ್ಳಲು ರೈತರು ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂರಬೇಕಾಯಿತು. 2025ರ ಜುಲೈನಲ್ಲಷ್ಟೇ ಸರ್ಕಾರ ಸ್ವಾಧೀನ ಕೈಬಿಡುವುದಾಗಿ ಘೋಷಿಸಿತು. ಇಂಥ ನೆರೆಯಲ್ಲಿ ಬೆಳೆದ ಹುಡುಗ ಬೆಳಗಿನ ರಸ್ತೆಯನ್ನು ಖಾಲಿ ಎಂದರೆ ಆಶ್ಚರ್ಯವೇನು?

ನಮ್ಮದೂ ತಪ್ಪಿದೆ, ಮುಚ್ಚಿಡುವುದು ಬೇಡ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕಣೆ ಮಾಡುವವರು ನಾವು. ಆ ಹೊಟ್ಟಿನ ಮೇಲೆ ಜಾರಿ ಬಿದ್ದ ಬೈಕಿನವರು ಎಷ್ಟೋ! ಇನ್ನು ಹೆದ್ದಾರಿಯಲ್ಲಿ ವ್ಹೀಲಿ ಮಾಡುವ ಹುಡುಗರೆಲ್ಲ ನಗರದವರೆಂದು ತಿಳಿಯುವುದೂ ಭ್ರಮೆ. 2024ರ ಆಗಸ್ಟ್ 15ರಂದು ನೆಲಮಂಗಲ ಬಳಿಯ ಅಡಕಮಾರನಹಳ್ಳಿಯಲ್ಲಿ, ತುಮಕೂರು ಹೆದ್ದಾರಿಯ ಮೇಲ್ಸೇತುವೆಯ ಮೇಲೆ ವ್ಹೀಲಿ ಮಾಡುತ್ತಿದ್ದವರ ಎರಡು ಸ್ಕೂಟರುಗಳನ್ನು ರೊಚ್ಚಿಗೆದ್ದ ಜನ ಕೆಳಕ್ಕೆ ಎಸೆದರು. ಆ ವಿಡಿಯೊಗೆ ನಾಡೆಲ್ಲ ಚಪ್ಪಾಳೆ ತಟ್ಟಿತು. ನನಗೆ ತಟ್ಟಲಾಗಲಿಲ್ಲ. ಸ್ಕೂಟರು ಬೀಳುವ ಕೆಳಗಿನ ರಸ್ತೆಯೂ ಖಾಲಿಯಲ್ಲವಲ್ಲ.

ಕಾನೂನಿನ ಕೊರತೆಯಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಂತೆ ಸಾರ್ವಜನಿಕ ಸ್ಥಳದಲ್ಲಿ ಅನುಮತಿಯಿಲ್ಲದೆ ವೇಗದ ಪಂದ್ಯ ನಡೆಸಿದರೆ ಮೂರು ತಿಂಗಳವರೆಗೆ ಸೆರೆ ಅಥವಾ 5000 ರೂಪಾಯಿ ದಂಡ. ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಟ್ಟ ಅಪ್ಪಂದಿರು ಇನ್ನೂ ಎಚ್ಚರದಿಂದ ಓದಬೇಕಾದದ್ದು 199ಎ ಕಲಮು: ಮಗ ಅಪರಾಧ ಮಾಡಿದರೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಆದರೆ ಬೆಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯದು, ಬೆಟ್ಟಕ್ಕೆ ಹೋಗುವ ದಾರಿಯ ಬಹುಭಾಗ ಬೆಂಗಳೂರು ಗ್ರಾಮಾಂತರದ್ದು. ಇಬ್ಬರ ಪೊಲೀಸರೂ ಎಲ್ಲ ತಿರುವುಗಳನ್ನು ಕಾಯಲಾರರು.

ನನ್ನ ತಿರುವಿನ ಹುಡುಗ ಬದುವಿನ ಹಣ ಕೊಡಲು ಬಂದ. ಹಣ ಬೇಡ, ಬದು ಕಟ್ಟಿಕೊಡು ಎಂದೆ. ಮರುವಾರ ಇಬ್ಬರು ಗೆಳೆಯರೊಂದಿಗೆ ಬಂದು ಸನಿಕೆ ಹಿಡಿದ. ಕೆಲಸ ಮುಗಿದ ಮೇಲೆ ಕೇಳಿದ: "ಹಾಗಾದರೆ ನಾವು ಎಲ್ಲಿಗೆ ಹೋಗಬೇಕು ಸಾರ್?" ಮೋಟಾರು ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟ ಮನ್ನಣೆ ಕೊಟ್ಟ ಕ್ಲಬ್ಬು ಸೇರಿ, ಕಾರ್ಟಿಂಗಿನಿಂದ ಆರಂಭಿಸು ಎಂದೆ. ದೊಡ್ಡ ಕಣ ಬೇಕೆಂದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಇಲ್ಲವೇ ಕೊಯಮತ್ತೂರು. ಎರಡೂ ನೂರಾರು ಕಿಲೋಮೀಟರು ದೂರ. ಅವನು ನಕ್ಕ. ನನ್ನ ಉತ್ತರ ಉತ್ತರವಲ್ಲವೆಂದು ನನಗೂ ತಿಳಿದಿತ್ತು.

ಡ್ರಿಫ್ಟಿಂಗ್ ಕಲಿಸಲು ನೂರಾರು ಎಕರೆಯ ಕಣ ಬೇಡ. ಆ ನೆಪದಲ್ಲಿ ಮತ್ತೊಂದು ಹೊಲ ಹೋಗುವುದು ಬೇಡವೇ ಬೇಡ. ಈಗಾಗಲೇ ಡಾಂಬರು ಕಂಡಿರುವ ಎರಡು ಮೂರು ಎಕರೆ ಸಾಕು. ದಾಬಸ್‌ಪೇಟೆಯ, ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶಗಳಲ್ಲಿ ಭಾನುವಾರ ಬಿಡುವಾಗಿರುವ ಒಂದು ಲಾರಿ ನಿಲುಗಡೆ ಅಂಗಳವನ್ನು ಜಿಲ್ಲಾಡಳಿತ ಗುರುತಿಸಲಿ. ಸುತ್ತ ಹಳೆ ಟೈರುಗಳ ತಡೆಗೋಡೆ, ಒಂದು ಆಂಬುಲೆನ್ಸು, ಪರವಾನಗಿ ಪಡೆದ ಕ್ಲಬ್ಬೊಂದರ ಹೊಣೆ, ಹುಡುಗರಿಂದಲೇ ಶುಲ್ಕ ಇರಲಿ. ಇದರ ಜೊತೆಗೆ ಬೆಟ್ಟದ ದಾರಿಗಳಲ್ಲಿ ಯಾವ ರ‍್ಯಾಲಿಗೂ ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಅನುಮತಿ ಕೊಡಬಾರದು. ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಈ ಎರಡು ಬೇಡಿಕೆಗಳ ಮನವಿಯನ್ನು ಬರೆದಿದ್ದೇನೆ. ಮೊದಲ ಸಹಿ ಹಾಲಿನ ಅಜ್ಜಿಯದು, ಎರಡನೆಯದು ಆ ಹುಡುಗನದು. ಉಳಿದ ಹಾಳೆಯನ್ನು ಮುಂದಿನ ಗ್ರಾಮಸಭೆಗೆ ತರುತ್ತೇನೆ.